ಎಡಭುಜದ ಹೂವು

ರೂಪಾ, ಹದಿನೈದು ವರ್ಷದ ಹಿಂದೆ ವೀರಭದ್ರನ ಎಡಭುಜದಿಂದ ನನ್ನ ಹೂವು ಬೀಳದೆ ನಿಂತದ್ದು ದೇವರ ಇಚ್ಛೆಯಿಂದ ಅಲ್ಲ. ಅದಕ್ಕೆ ನಾನು ಅಂಟು ಹಚ್ಚಿದ್ದೆ.

ಇಷ್ಟು ಬರೆದು ಎದ್ದು ಹೋದೆ. ನೀರು ಕುಡಿದೆ, ಕುಂಡಗಳಿಗೆ ನೀರು ಹಾಕಿದೆ, ಒರೆಸಿದ್ದ ಅಡುಗೆಕಟ್ಟೆಯನ್ನೇ ಮತ್ತೊಮ್ಮೆ ಒರೆಸಿದೆ. ವಾಪಸ್ಸು ಬಂದು ನೋಡಿದರೆ ಆ ಸಾಲುಗಳು ಹಾಗೇ ಇವೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು — ತಪ್ಪಾದರೆ ಒರೆಸಿಬಿಡುವುದು ಕೈಗೆ ಅಭ್ಯಾಸವಾಗಿದೆ. ಇದನ್ನು ಒರೆಸಬಾರದು ಅಂತಲೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳಿದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಿನ್ನಮ್ಮ, ಅಂದರೆ ನನ್ನ ಅಕ್ಕ, ನಮ್ಮ ತಮ್ಮ ಬಸುವಿಗೆ ತನ್ನ ಒಂದು ಕಿಡ್ನಿ ಕೊಟ್ಟದ್ದು ದೇವರ ಹೂವು ಹಾಗೆ ಹೇಳಿತು ಅಂತ. ಹೂವು ಹಾಗೆ ಹೇಳುವಂತೆ ಮಾಡಿದವಳು ನಾನು. ಈಗ ಅಕ್ಕನಲ್ಲಿ ಉಳಿದಿರುವ ಒಂದೇ ಒಂದು ಕಿಡ್ನಿಯೂ ಕೈಕೊಡುತ್ತಿದೆ. ನಿನ್ನದನ್ನು ಕೊಡಲು ನೀನು ಟೊಂಕ ಕಟ್ಟಿ ನಿಂತಿದ್ದೀಯ. ಬರುವ ಸೋಮವಾರ ಅದೇ ಗುಡಿಯಲ್ಲಿ, ಅದೇ ದೇವರ ಮುಂದೆ ಮತ್ತೆ ಹೂ ಕೇಳುವವರಿದ್ದೀರಿ. ಹೂ ಕೀಳುವುದಕ್ಕೆ ನನ್ನನ್ನೇ ಕರೆದಿದ್ದೀರಿ.

ಇನ್ನೂ ನಾನು ಸುಮ್ಮನಿದ್ದರೆ — ಈ ವಾಕ್ಯವನ್ನು ಮುಗಿಸಲು ನನಗೆ ಆಗುತ್ತಿಲ್ಲ.

ನಿನಗೆ ಆಗ ಹದಿನೇಳು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಬಂದು ಶಿವಮೊಗ್ಗದಲ್ಲಿ ನನ್ನ ಮತ್ತು ನಿನ್ನ ಅಜ್ಜಿಯ ಜೊತೆ ಇದ್ದು ಪಿಯುಸಿ ಓದುತ್ತಿದ್ದೆ. ನನ್ನದೇ ಕಾಲೇಜು, ನನ್ನದೇ ಬಾಟನಿ ಕ್ಲಾಸು. ಮನೆಯಲ್ಲಿ ಚಿಕ್ಕಮ್ಮ, ಕ್ಲಾಸಿನಲ್ಲಿ ಮೇಡಂ ಅಂತ ಕರೆಯುತ್ತಿದ್ದೆ, ಒಂದು ದಿನವೂ ತಪ್ಪಿ ಅದಲುಬದಲು ಮಾಡಲಿಲ್ಲ. ಪ್ರಶ್ನೆ ಕೇಳುವುದರಲ್ಲಿ ಮಾತ್ರ ಎರಡು ಕಡೆಯೂ ಒಂದೇ ಕಾಟ.

ಒಂದು ದಿನ ದೇವಕಣಗಿಲೆ ಹೂವನ್ನು ಕೈಯಲ್ಲಿ ಹಿಡಿದು ಪಾಠ ಮಾಡಿದ್ದೆ, ನಿನಗೆ ನೆನಪಿರಬಹುದು. ಈ ಹೂವಿನಲ್ಲಿ ಮಕರಂದ ಒಂದು ಹನಿಯೂ ಇಲ್ಲ; ಸಂಜೆಯಾದಮೇಲೆ ಪರಿಮಳ ಬಿಟ್ಟು ಪತಂಗಗಳನ್ನು ಕರೆಯುತ್ತದೆ; ಅವು ಬಂದು ಒಂದೊಂದು ಹೂವನ್ನೂ ತಡಕಾಡಿ ಏನೂ ಸಿಗದೆ ಹಾರಿಹೋಗುತ್ತವೆ, ಹೋಗುವಾಗ ಪರಾಗ ಹೊತ್ತುಕೊಂಡು ಹೋಗುತ್ತವೆ ಅಂದಿದ್ದೆ. ನೀನು ಎದ್ದು ನಿಂತೆ. "ಹಾಗಾದ್ರೆ ಇದು ಮೋಸ ಅಲ್ವಾ ಮೇಡಂ?" ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ, ಅಂಥ ಪ್ರಶ್ನೆಗಾಗಿಯೇ ನಾನು ಸಂಬಳಕ್ಕಿಂತ ಹೆಚ್ಚು ಕಾಯುತ್ತಿದ್ದೆ. ಮೋಸಕ್ಕೆ ಉದ್ದೇಶ ಬೇಕು, ಗಿಡಕ್ಕೆ ಉದ್ದೇಶ ಇಲ್ಲ ಅಂದೆ. ಯಾವುದೋ ಕಾಲದಲ್ಲಿ ಯಾವುದೋ ಗಿಡದಲ್ಲಿ ಮಕರಂದ ಇಲ್ಲದ ಹೂವು ಆಕಸ್ಮಿಕವಾಗಿ ಬಿಟ್ಟಿತು, ಆದರೂ ಕಾಯಿ ಕಚ್ಚಿತು, ಉಳಿಯಿತು, ಅಷ್ಟೇ. ಪ್ರಕೃತಿಯಲ್ಲಿ ಯಾರೂ ಯಾರನ್ನೂ ಏಮಾರಿಸುತ್ತಿಲ್ಲ. ಹೂವು ನಮಗಾಗಿಯೂ ಅರಳುವುದಿಲ್ಲ, ದೇವರಿಗಾಗಿಯೂ ಅರಳುವುದಿಲ್ಲ — ಹೀಗೆ ಬಹಳ ದೊಡ್ಡದಾಗಿ ಹೇಳಿದೆ. ನೀನು ನೋಟ್ಸಿನಲ್ಲಿ ಬರೆದುಕೊಂಡೆ.

ಅದೇ ವರ್ಷ ಬಸು ಕಾಯಿಲೆ ಬಿದ್ದ. ಮೂವತ್ತಾರು ವರ್ಷ, ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ, ಎರಡೂ ಕಿಡ್ನಿ ಹೋದವು. ಡಯಾಲಿಸಿಸ್ ಮುಗಿಸಿ ಬಂದ ದಿನ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ನಾನೂ ಅಕ್ಕನೂ ಪರೀಕ್ಷೆ ಮಾಡಿಸಿಕೊಂಡೆವು. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, "ಇಬ್ಬರದ್ದೂ ಆಗುತ್ತೆ. ಮನೇಲಿ ಮಾತಾಡಿಕೊಂಡು ಬನ್ನಿ" ಅಂದರು.

ಆ ಕೋಣೆಯಲ್ಲೇ, ಕುರ್ಚಿಯಿಂದ ಏಳುವುದಕ್ಕೂ ಮೊದಲೇ ನಾನು ಹೇಳಿದೆ, "ನಾನು ಕೊಡ್ತೀನಿ." ಅಕ್ಕನಿಗಿಂತ ಮೊದಲು ಹೇಳಬೇಕು ಅನ್ನುವ ಆತುರ ಇತ್ತು. ಗಂಡ ಮಕ್ಕಳಿಲ್ಲದವಳು ನಾನು, ಅಕ್ಕನಿಗೆ ಸಂಸಾರ ಇದೆ — ಯಾರು ನೋಡಿದರೂ ನ್ಯಾಯ ಅದೇ. ಹೇಳಿದ ಕೂಡಲೇ ಬಸು ಅತ್ತುಬಿಟ್ಟ. ನನಗೆ ಎಷ್ಟು ಚೆನ್ನಾಗಿತ್ತು ಗೊತ್ತಾ, ಆ ಕ್ಷಣ? ಅದು ಮನೆಯವರೆಗೆ ಬರುವಷ್ಟರಲ್ಲಿ ಮುಗಿದುಹೋಯಿತು. ಆಟೋದಲ್ಲಿ ಕೂತಾಗ ಸೊಂಟದ ಪಕ್ಕ, ಇನ್ನೂ ಯಾರೂ ಮುಟ್ಟದ ಜಾಗದಲ್ಲಿ, ತಣ್ಣಗೆ ಏನೋ ಹರಿದಂತಾಯಿತು.

ಅಕ್ಕ ಒಪ್ಪಲಿಲ್ಲ. ನಾನೇ ದೊಡ್ಡವಳು, ನಾನೇ ಕೊಡುವವಳು ಅಂತ ಹಟ ಹಿಡಿದಳು. "ದೇವ್ರು ಎರಡು ಕೊಟ್ಟಿರೋದು ಯಾಕೆ ಅಂತೀಯಾ? ಒಂದು ಕೊಡೋಕೇ ಕಣೇ" ಅಂದಳು. ದೇಹದಲ್ಲಿ ಯಾವುದೂ ಯಾವುದಕ್ಕೋಸ್ಕರ ಅಂತ ಹುಟ್ಟಿಬಂದಿಲ್ಲ ಅಂತ ನಾನು ಅಲ್ಲೂ ಪಾಠ ಶುರುಮಾಡಿದೆ. ಅಕ್ಕ ಕೈ ಬೀಸಿ ಸುಮ್ಮನಿರಿಸಿದಳು. ವಾರವೆಲ್ಲ ಇದೇ ಜಗಳ. ಹೊರಗಿನಿಂದ ನೋಡಿದವರಿಗೆ ತಮ್ಮನಿಗಾಗಿ ಜೀವ ಬಿಡುವ ಇಬ್ಬರು ಅಕ್ಕಂದಿರು. ಒಳಗೆ ನಾನು ಅಕ್ಕ ಇನ್ನೊಂದು ಸಲ ಗಟ್ಟಿಯಾಗಿ ಹೇಳಲಿ, ಇನ್ನೊಂದೇ ಸಲ, ಆಗ ಒಪ್ಪಿಕೊಳ್ಳೋಣ ಅಂತ ಕಾಯುತ್ತಿದ್ದೆ. ಆದರೆ ಅವಳು ಹೇಳಿದ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನನ್ನ ಬಾಯಿ ತಾನಾಗಿ, "ಇಲ್ಲ, ನಾನೇ" ಅಂದುಬಿಡುತ್ತಿತ್ತು.

ಕಡೆಗೆ ನಿನ್ನ ಅಜ್ಜಿ ಹೇಳಿದಳು, "ನಂಗೆ ಇಬ್ಬರೂ ಮಕ್ಕಳೇ. ಇವಳನ್ನ ಕುಯ್ಯಿ, ಅವಳನ್ನ ಬಿಡು ಅಂತ ನಾನು ಹೆಂಗೆ ಹೇಳ್ಲಿ? ಮನೆದೇವ್ರಿಗೆ ಹೂ ಕೇಳೋಣ."

ಹೂ ಕೇಳುವುದು ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಎಲ್ಲಿ ಕೈ ಹಾಕಿದೆ ಅನ್ನುವುದು ಸ್ಪಷ್ಟವಾಗಬೇಕು. ಗಾಜನೂರಿನ ಹತ್ತಿರ ತುಂಗೆಯ ದಡದಲ್ಲಿ ನಮ್ಮ ವೀರಭದ್ರನ ಪುಟ್ಟ ಗುಡಿ. ಅಂಗಳದಲ್ಲಿ ಒಂದು ಹಳೆಯ ದೇವಕಣಗಿಲೆ ಮರ. ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಮನೆಯ ಹೆಣ್ಣುಮಗಳೊಬ್ಬಳು ಆ ಮರದಿಂದಲೇ ಹೂ ಕಿತ್ತು ತರಬೇಕು. ಪೂಜೆ ಮಾಡುವ ಅಯ್ಯನೋರು ಬರಿಯ ನೀರಿನಿಂದ ಒಂದನ್ನು ದೇವರ ಬಲಭುಜಕ್ಕೆ, ಇನ್ನೊಂದನ್ನು ಎಡಭುಜಕ್ಕೆ ಅಂಟಿಸುತ್ತಾರೆ. ಮೊದಲು ಯಾವುದು ಬೀಳುತ್ತದೋ ಅದು ದೇವರು ಕೊಟ್ಟದ್ದು. ಬಲಭುಜದ್ದು ಅಕ್ಕನ ಹೂವು, ಎಡಭುಜದ್ದು ನನ್ನದು ಅಂತ ಮಾತಾಯಿತು. ಯಾರ ಹೂವು ಬೀಳುತ್ತದೋ ಅವರನ್ನು ದೇವರು ಕೇಳಿದ ಹಾಗೆ.

ನಾನು ಒಪ್ಪಿಕೊಂಡೆ. ಅರ್ಧಕ್ಕೆ ಅರ್ಧ ಅಂತ ಲೆಕ್ಕ ಹಾಕಿದೆ. ದೇವರ ಮೇಲೆ ನಂಬಿಕೆ ಇಟ್ಟು ಅಲ್ಲ, ಆಕಸ್ಮಿಕದ ಮೇಲೆ ಇಟ್ಟು. ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೆನಲ್ಲ, ಜಗತ್ತು ಹೀಗೇ ನಡೆಯುತ್ತದೆ, ಒಪ್ಪಿಕೊಳ್ಳಬೇಕು ಅಂತ.

ಹೂ ಕೀಳಲು ಕಳಿಸಿದ್ದು ನನ್ನನ್ನು. "ಗಿಡದ ವಿಷಯ ಅವಳಿಗೆ ಗೊತ್ತು" ಅಂದಳು ಅಕ್ಕ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಮರದ ಕೆಳಗೆ ಒಬ್ಬಳೇ ನಿಂತೆ. ಒಂದೇ ಕೊಂಬೆಯಿಂದ, ಒಂದೇ ಅಳತೆಯ ಎರಡು ಹೂ ಕಿತ್ತೆ — ಅಲ್ಲಿಯವರೆಗೆ ನಾನು ಪ್ರಾಮಾಣಿಕಳಾಗಿದ್ದೆ, ಬೇಕಾದರೆ ನಂಬು. ಕೀಳುವಾಗ ಪಕ್ಕದ ಎಲೆ ಮುರಿಯಿತು. ತೊಟ್ಟಿನಿಂದ ಹಾಲು ಬಂತು. ದೇವಕಣಗಿಲೆಯ ಹಾಲು ಎಷ್ಟು ಅಂಟು ಅಂತ ನಮ್ಮ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲೆ ಮುರಿದದ್ದು ಆಕಸ್ಮಿಕ. ಇದನ್ನು ನಾನು ಸಾವಿರ ಸಲ ಯೋಚಿಸಿದ್ದೇನೆ, ಮುರಿಯಬೇಕು ಅಂತ ಮುರಿದದ್ದಲ್ಲ. ಆದರೆ ಆ ಹನಿಯನ್ನು ಹೆಬ್ಬೆರಳಿನಿಂದ ತೆಗೆದು ನನ್ನ ಹೂವಿನ ಎಸಳುಗಳ ಬೆನ್ನಿಗೆ ಸವರಿದ್ದು ಆಕಸ್ಮಿಕ ಅಲ್ಲ. ಒಂದು ಹನಿ ಸಾಲದು ಅನ್ನಿಸಿ ಇನ್ನೊಂದು ಎಲೆ ಮುರಿದೆ. ಅದೂ ಆಕಸ್ಮಿಕ ಅಲ್ಲ. ಅಕ್ಕನ ಹೂವನ್ನು ಚೊಂಬಿನ ನೀರಿನಲ್ಲಿ ಅದ್ದಿ ಚೆನ್ನಾಗಿ ತೊಳೆದೆ — ಅದರಲ್ಲಿ ಇದ್ದಬದ್ದ ಅಂಟೂ ಹೋಗಲಿ ಅಂತ.

ಎಷ್ಟು ಹೊತ್ತು ಹಿಡಿದಿರಬಹುದು? ಸೀರೆಯ ನೆರಿಗೆ ಸರಿಮಾಡಿಕೊಳ್ಳುವಷ್ಟು.

ಎರಡು ದೊನ್ನೆಯಲ್ಲಿ ಎರಡು ಹೂವು. ನನ್ನದನ್ನು ನಾನೇ ಅಯ್ಯನೋರ ಕೈಗೆ ಕೊಟ್ಟೆ. ಅವರು ನೀರು ಮುಟ್ಟಿಸಿ ಅಂಟಿಸಿದರು. ನಾವೆಲ್ಲ ಕೂತೆವು. ಬಸು ಕಂಬಕ್ಕೆ ಒರಗಿದ್ದ. ನೀನು ನನ್ನ ಪಕ್ಕದಲ್ಲೇ ಇದ್ದೆ, ನಿನ್ನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಬಾಗಿಲಿಂದ ಹೊಳೆಯ ಗಾಳಿ ಬರುತ್ತಿತ್ತು. ದೀಪ ಬಲಗಡೆ ಇತ್ತು, ಅದರ ಬಿಸಿಗೆ ಬಲಗಡೆಯ ನೀರು ಬೇಗ ಆರಬಹುದು. ನಾನು ಎಲ್ಲವನ್ನೂ ನೋಡುತ್ತಿದ್ದೆ, ಕೈ ಮುಗಿದುಕೊಂಡೇ. ಅಕ್ಕ ಕಣ್ಣು ಮುಚ್ಚಿದ್ದಳು, ತುಟಿ ಅಲ್ಲಾಡುತ್ತಿತ್ತು. ಅವಳೂ ನನ್ನ ಹಾಗೆಯೇ ತನ್ನದು ಬೀಳದಿರಲಿ ಅಂತ ಬೇಡುತ್ತಿದ್ದಾಳೆ ಅಂದುಕೊಂಡೆ. ಅಂದುಕೊಂಡು ಸ್ವಲ್ಪ ಹಗುರವೂ ಆದೆ.

ಬಲಗಡೆಯ ಹೂವು ಒಂದು ಸಲ ಜಾರಿ, ತಡೆದು, ಬಿತ್ತು.

"ಕೊಟ್ಟ!" ಅಂದಳು ನಿನ್ನ ಅಜ್ಜಿ. ಅಯ್ಯನೋರು ಗಂಟೆ ಬಾರಿಸಿದರು. ಅಕ್ಕ ಆ ಹೂವನ್ನು ಸೆರಗಿನಲ್ಲಿ ಹಿಡಿದು, ಮುಡಿದುಕೊಂಡು, ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ರೂಪಾ. ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ನಗುತ್ತಿದ್ದಳು. ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು, "ನನ್ನದೇ ಬೀಳ್ಲಿ ಅಂತ ಬೇಡ್ಕೊಂಡಿದ್ದೆ ಕಣೇ ಗಿರಿ. ನಿಂಗೆ ಹೆದ್ರಿಕೆ ಅಂತ ನಂಗೆ ಗೊತ್ತು. ಇನ್ನು ಹೆದರ್ಬೇಡ."

ಅವಳಿಗೆ ನನ್ನ ಹೆದರಿಕೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ — ನಾನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಹೂವೇ ಬೇಕಿರಲಿಲ್ಲ. ಅವಳು ಹಾಗೇ ಕೊಡುತ್ತಿದ್ದಳು, ನನ್ನನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ನನಗೆ ಕಿಡ್ನಿಯೂ ಉಳಿಯಬೇಕಿತ್ತು, ಕೊಡಲು ಬಂದವಳು ಅನ್ನುವ ಹೆಸರೂ ಉಳಿಯಬೇಕಿತ್ತು. ಎರಡೂ ಉಳಿದವು.

ಎಡಭುಜದ ಹೂವನ್ನು ಅಯ್ಯನೋರು ಆಮೇಲೆ ಉಗುರಿನಿಂದ ಎಬ್ಬಿಸಬೇಕಾಯಿತು. ಕಪ್ಪು ಕಲ್ಲಿನ ಮೇಲೆ ಬಿಳಿಯ ಕಲೆ ಉಳಿಯಿತು. ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು, ಪಂಚೆಗೆ ಒರೆಸಿಕೊಂಡರು. ನನ್ನ ಕಡೆ ನೋಡಿದರೋ ಇಲ್ಲವೋ ನಾನು ನೋಡಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನೀನು ಕೇಳಿದೆ, "ಚಿಕ್ಕಮ್ಮ, ಗಾಳಿಗೋ ದೀಪಕ್ಕೋ ಹೂ ಬೀಳುತ್ತೆ. ಅದನ್ನ ದೇವ್ರು ಹೇಳಿದ ಅನ್ನೋದು ಹೆಂಗೆ? ನೀವು ಕ್ಲಾಸಲ್ಲಿ ಹೇಳಿದ್ದು ಸುಳ್ಳಾ?" ಅಮ್ಮನ ಹೊಟ್ಟೆ ಕುಯ್ಯುತ್ತಾರೆ ಅನ್ನುವ ಭಯ ನಿನ್ನ ಮಾತಿನಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದರು. ನಾನು ಉತ್ತರ ಕೊಟ್ಟೆ. "ಗಾಳಿ ಆಕಸ್ಮಿಕ ಇರಬಹುದಮ್ಮ. ಆದ್ರೆ ಯಾವ ಗಾಳಿ ಯಾವ ಹೂವಿಗೆ ಅನ್ನೋದು ಅವನಿಗೆ ಗೊತ್ತಿರುತ್ತೆ. ಎರಡಕ್ಕೂ ಜಗಳ ಇಲ್ಲ" ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಹೆಬ್ಬೆರಳು ಆಗ ಇನ್ನೂ ತೋರುಬೆರಳಿಗೆ ಅಂಟಿಕೊಳ್ಳುತ್ತಿತ್ತು. ನೀನು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದೆ. ಅವತ್ತಿನಿಂದ ನೀನು ನಂಬಿದೆ. ದೇವರನ್ನೋ ನನ್ನನ್ನೋ ಅನ್ನುವುದನ್ನು ನಾನು ಕೇಳಲಿಲ್ಲ. ಈಗ ಭದ್ರಾವತಿಯಲ್ಲಿ ನೀನು ಕೆಲಸ ಮಾಡುವ ಲ್ಯಾಬಿನಲ್ಲಿ ರಿಪೋರ್ಟಿಗಾಗಿ ಕೈ ಹಿಸುಕುತ್ತ ಕೂತ ಜನರಿಗೆ ನೀನು ನನ್ನ ಇದೇ ಮಾತು ಹೇಳುತ್ತೀಯಂತೆ. ನಮ್ಮ ಚಿಕ್ಕಮ್ಮ ಸೈನ್ಸ್ ಓದಿದವರು, ಅವರೇ ಹೇಳಿದ್ದು ಅನ್ನುತ್ತೀಯಂತೆ. ಅಕ್ಕ ಹೆಮ್ಮೆಯಿಂದ ಹೇಳುತ್ತಾಳೆ. ಆ ಮಾತು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ, ಅಷ್ಟು ಗೊತ್ತು.

ಬಸು ಚೆನ್ನಾಗಿದ್ದಾನೆ, ನಿನಗೇ ಗೊತ್ತು. ಅವನಿಗೆ ಮಗಳು ಹುಟ್ಟಿದಳು. ಗಾಂಧಿಬಜಾರಿನಲ್ಲಿ ಅಂಗಡಿಯ ಮುಂದೆ ನಿಂತು ಗಿರಾಕಿಗಳ ಜೊತೆ ಜೋರುಬಾಯಿ ಮಾಡುವುದನ್ನು ನೋಡಿದರೆ, ಇವನು ಗೋಡೆ ಹಿಡಿದು ನಡೆದವನು ಅಂತ ಯಾರೂ ಅನ್ನಲಾರರು. ಅವನನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗಬೇಕು. ಆಗುವುದು ದಿಗಿಲು. ಒಳ್ಳೆಯದೇ ಆಯಿತಲ್ಲ ಅನ್ನುವ ಯೋಚನೆ ಬರುತ್ತದೆ, ಅದರ ಬೆನ್ನಿಗೇ, ಇದನ್ನು ಯಾರು ಮಾಡಿದ್ದು ಅನ್ನುವ ಯೋಚನೆ.

ಒಂದು ಕಾಲದಲ್ಲಿ ಹುಚ್ಚು ಹಿಡಿದವಳ ಹಾಗೆ ಮನೆಯ ಹಿತ್ತಿಲಲ್ಲಿ ರುಬ್ಬುವ ಕಲ್ಲಿನ ಮೇಲೆ ಹೂವು ಅಂಟಿಸಿ ನೋಡುತ್ತಿದ್ದೆ. ಎರಡು ಹೂವು, ಬರಿಯ ನೀರು, ಪಕ್ಕದಲ್ಲಿ ದೀಪ. ಹಾಲು ಹಚ್ಚದೇ ಇದ್ದಿದ್ದರೆ ಯಾವುದು ಬೀಳುತ್ತಿತ್ತು? ಒಂದು ದಿನ ಎಡದ್ದು, ಒಂದು ದಿನ ಬಲದ್ದು. ಬಲದ್ದು ಬಿದ್ದ ದಿನ ಎರಡು ಮುದ್ದೆ ಉಣ್ಣುತ್ತಿದ್ದೆ — ನಾನು ಏನೂ ಮಾಡದಿದ್ದರೂ ಹೀಗೇ ಆಗುತ್ತಿತ್ತು ಅಂತ. ಎಡದ್ದು ಬಿದ್ದ ದಿನ ಅನ್ನ ಸೇರುತ್ತಿರಲಿಲ್ಲ. ನನ್ನಮ್ಮ ನೋಡಿ, "ದೇವ್ರ ಪೂಜೆ ರುಬ್ಬೋ ಕಲ್ಲಿಗೆ ಯಾಕೆ ಮಾಡ್ತೀಯೇ?" ಅಂದಳು. ಕಾಲೇಜಿನ ಪ್ರಯೋಗ ಅಂದೆ.

ಅಮ್ಮ ತೀರಿಕೊಂಡ ವರ್ಷ ತಡೆಯಲಾರದೆ ಒಬ್ಬಳೇ ಗಾಜನೂರಿಗೆ ಹೋಗಿ ಅಯ್ಯನೋರಿಗೆ ಹೇಳಿಬಿಟ್ಟೆ. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಆಶ್ಚರ್ಯಪಡಲಿಲ್ಲ. "ನಂಗೆ ಅವತ್ತೇ ಗೊತ್ತಾಯ್ತಮ್ಮ. ಬೆರಳಿಗೆ ಅಂಟ್ತಲ್ಲ" ಅಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ, ಸಿಟ್ಟಿನಿಂದಲೇ ಕೇಳಿದೆ — ತಪ್ಪು ಅವರದೇ ಅನ್ನುವ ಹಾಗೆ. "ದೇವ್ರೇ ಸುಮ್ಮನಿದ್ದ. ನಾನ್ಯಾರು? ನಿನ್ನ ಕೈಲಿ ಮಾಡ್ಸಿದವನೂ ಅವನೇ ಅಂದ್ಕೊ. ತಮ್ಮ ಬದುಕಿದ್ನೋ ಇಲ್ವೋ?"

ವಾಪಸ್ಸು ಬರುವಾಗ ಮೈಯೆಲ್ಲ ಹಗುರ. ಒಂದು ವಾರ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹೊಳೆಯಿತು, ಇದೂ ಅದೇ ಹಾಲು. ಎಲ್ಲವೂ ಅವನು ಮಾಡಿಸಿದ್ದು ಅಂದರೆ ನಾನು ಮಾಡಿದ್ದು ಏನೂ ಇಲ್ಲ. ಎಲ್ಲವೂ ಆಕಸ್ಮಿಕ, ಬಲಗಡೆಯ ಹೂವು ಹೇಗಿದ್ದರೂ ಬೀಳುತ್ತಿತ್ತೇನೋ ಅಂದರೆ ಆಗಲೂ ನಾನು ಮಾಡಿದ್ದು ಏನೂ ಇಲ್ಲ. ಯಾವ ಕಡೆ ಹೋದರೂ ನನಗೆ ಬಿಡುಗಡೆ. ಅಷ್ಟು ಸುಲಭವಾಗಿ ಬಿಡುಗಡೆ ಕೊಡುವ ಉತ್ತರದ ಮೇಲೆ ನನಗೆ ಅನುಮಾನ ಬಂತು. ಪರೀಕ್ಷೆಯಲ್ಲಿ ಮಕ್ಕಳು ಹಾಗೆ ಬರೆದರೆ ನಾನು ನಂಬರ್ ಕೊಡುತ್ತಿರಲಿಲ್ಲ.

ದೇವರಿದ್ದಾನೋ, ಇದ್ದರೆ ಗಾಳಿಯೊಳಗೆ ಕೈ ಹಾಕುತ್ತಾನೋ, ಹೂವಿಗೂ ಕಿಡ್ನಿಗೂ ಒಂದು ಉದ್ದೇಶ ಇಟ್ಟಿದ್ದಾನೋ — ನನಗೆ ಗೊತ್ತಿಲ್ಲ ರೂಪಾ. ಇದ್ದರೂ ಇರಬಹುದು. ಗಾಳಿ, ದೀಪದ ಬಿಸಿ, ಮುರಿದ ಎಲೆ ಇವೆಲ್ಲ ಅವನ ಅಪ್ಪಣೆಯಲ್ಲೇ ನಡೆದಿರಬಹುದು, ಅಥವಾ ಸುಮ್ಮನೆ ನಡೆದಿರಬಹುದು. ಆದರೆ ಅವತ್ತು ಆ ಗುಡಿಯಲ್ಲಿ ಖಂಡಿತವಾಗಿ ಇದ್ದ ಉದ್ದೇಶ ನನ್ನದು. ಮೋಸಕ್ಕೆ ಉದ್ದೇಶ ಬೇಕು ಅಂತ ನಿನಗೆ ಹೇಳಿಕೊಟ್ಟವಳು ನಾನೇ. ಗಿಡಕ್ಕೆ ಇರಲಿಲ್ಲ, ನನಗಿತ್ತು.

ಈಗ ಹೋದ ಭಾನುವಾರದ ವಿಷಯ. ಇದನ್ನು ಬರೆಯುವುದು ಹೂವಿನ ವಿಷಯಕ್ಕಿಂತ ಕಷ್ಟ.

ಅಕ್ಕ ಫೋನ್ ಮಾಡಿದಳು. ಮಾತಾಡಿದರೆ ಉಸಿರು ಸಾಲುತ್ತಿಲ್ಲ ಅವಳಿಗೆ. "ಗಿರಿ, ಡಾಕ್ಟ್ರು ಬೇಗ ಹೇಳಿ ಅಂತಿದಾರೆ. ಇವಳು ಕೊಡ್ತೀನಿ ಅಂತ ಕೂತಿದಾಳೆ. ನಾಲ್ಕು ವರ್ಷದ ಮಗು ಇದೆ ಇವಳಿಗೆ, ನಾನು ಹೆಂಗೆ ತಗೊಳ್ಲಿ? ಹೂ ಕೇಳ್ತೀನಿ. ಬಲಕ್ಕೆ ಕೊಟ್ರೆ ತಗೋತೀನಿ. ಎಡಕ್ಕೆ ಕೊಟ್ರೆ ಬೇಡ, ಇದ್ದಷ್ಟು ದಿನ ಇರ್ತೀನಿ. ನೀನೇ ಬಂದು ಹೂ ಕೀಳ್ಬೇಕು ಮಾರಾಯ್ತಿ. ಅವತ್ತು ನೀನು ಕಿತ್ತ ಹೂವು ಸುಳ್ಳು ಹೇಳ್ಲಿಲ್ಲ."

ನಾನು ಕೇಳಿದೆ, "ನಂದು ಆಗಲ್ವಾ ಅಕ್ಕ?"

"ಥೂ, ನೀನ್ಯಾಕೆ? ನಿಂದು ಬೇಡ ಅಂತ ದೇವ್ರು ಅವತ್ತೇ ಹೇಳಿದಾನೆ. ಅವನು ಬಿಟ್ಟದ್ದನ್ನ ನಾನು ಮುಟ್ಟೋದಾ?"

ನೀನು ಯಾಕೆ ಒಂದು ದಿನವೂ ನನ್ನನ್ನು ಕೇಳಲಿಲ್ಲ ಅನ್ನುವುದು ನನಗೆ ಆಗ ಅರ್ಥವಾಯಿತು. ಬಸು ಯಾಕೆ ಕೇಳಲಿಲ್ಲ ಅನ್ನುವುದೂ. ದೇವರು ಬೇಡ ಅಂದ ಹೆಂಗಸು ನಾನು. ಹದಿನೈದು ವರ್ಷದ ಹಿಂದೆ ಹಚ್ಚಿದ ಹಾಲು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದೆ, ಈ ಸಲ ಬೀಳುವ ಹೂವು ನಿನ್ನದು. ಇದು ತಿಳಿದ ಕೂಡಲೇ ನನಗೆ ಏನಾಯಿತು ಗೊತ್ತಾ? ಬರೆಯುತ್ತೇನೆ, ಬರೆಯಲೇಬೇಕು — ನನಗೆ ಸಮಾಧಾನವಾಯಿತು. ಐವತ್ತೇಳು ವರ್ಷದ, ಪಿಂಚಣಿಗೆ ದಿನ ಎಣಿಸಿಕೊಂಡು ಕೂತ, ಯಾರೂ ನೆಚ್ಚಿಕೊಂಡಿಲ್ಲದ ನನ್ನ ಮೈಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ ಅಂತ, ಒಂದು ಗಳಿಗೆ, ಸಮಾಧಾನವಾಯಿತು.

ಫೋನ್ ಇಟ್ಟಮೇಲೆ ಕೂತಲ್ಲೇ ಲೆಕ್ಕ ಶುರುವಾಯಿತು. ಬಲಗಡೆಯ ಹೂವಿಗೆ ಹಾಲು ಹಚ್ಚಿದರೆ ನೀನು ಉಳಿಯುತ್ತೀಯ, ಅಕ್ಕ ಹೋಗುತ್ತಾಳೆ. ಎಡಕ್ಕೆ ಹಚ್ಚಿದರೆ ಅಕ್ಕ ಉಳಿಯಬಹುದು, ನೀನು ಟೇಬಲ್ಲಿನ ಮೇಲೆ ಮಲಗಬೇಕು. ಯಾವುದಕ್ಕೆ ಹಚ್ಚಲಿ? ಹೀಗೆ ಎಷ್ಟೋ ಹೊತ್ತು, ಯಾವುದಕ್ಕೆ ಹಚ್ಚಲಿ, ಯಾವುದಕ್ಕೆ ಹಚ್ಚಲಿ ಅಂತಲೇ — ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಹಚ್ಚದೇ ಇರುವುದೂ ಒಂದು ದಾರಿ ಅನ್ನುವುದು ನನಗೆ ಹೊಳೆಯಲೇ ಇಲ್ಲ. ನಾನು ಎಂಥವಳಾಗಿಬಿಟ್ಟಿದ್ದೇನೆ ಅಂತ ಆಗ ಗೊತ್ತಾಯಿತು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಅಕ್ಕ, ನಾನು, ಬಸು ಮೂವರದ್ದೂ ಒಂದೇ ರಕ್ತದ ಗುಂಪು, ಅದು ಅವತ್ತೇ ಗೊತ್ತಿತ್ತು. ಉಳಿದದ್ದಕ್ಕೆ ರಕ್ತ ಕೊಟ್ಟೆ, ಸ್ಕ್ಯಾನ್ ಆಯಿತು. ಸೂಜಿ ಚುಚ್ಚುವ ಹುಡುಗಿ, "ಕೈ ಯಾಕೆ ಆಂಟಿ ಇಷ್ಟು ಬಿಗಿ ಹಿಡಿದಿದೀರಿ, ಸಡಿಲ ಬಿಡಿ" ಅಂದಳು. ಈ ವಯಸ್ಸಿಗೂ ಆಗುತ್ತೆ, ಎಲ್ಲ ಸರಿ ಇದ್ದರೆ, ಅಂದರು ಡಾಕ್ಟರು. ರಿಪೋರ್ಟ್ ಶುಕ್ರವಾರ ಮೊಬೈಲಿಗೇ ಬರುತ್ತದೆ ಅಂದರು.

ಸರಿ ಇಲ್ಲದಿದ್ದರೆ? ಸಕ್ಕರೆಯೋ ಇನ್ನೊಂದೋ ನನಗೆ ಗೊತ್ತಿಲ್ಲದೆ ಸೇರಿಕೊಂಡಿದ್ದರೆ? ಆಗ ನಾನು ಏನೂ ಕೊಡದೆಯೇ ದೊಡ್ಡವಳಾಗಬಹುದು, ಕೊಡಲು ಹೋಗಿದ್ದೆ, ಆಗಲಿಲ್ಲ ಅಂತ. ಹೂವಿನ ವಿಷಯವನ್ನು ಬಾಯಿಬಿಡದೆ ಇರಬಹುದು, ಬಿಟ್ಟರೂ ಖರ್ಚಿಲ್ಲದ ತಪ್ಪೊಪ್ಪಿಗೆ. ಶುಕ್ರವಾರದವರೆಗೆ ಕಾದು, ನೋಡಿ, ಆಮೇಲೆ ಬರೆಯೋಣ ಅಂತ ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಇವತ್ತು ಬುಧವಾರ, ಊಟ ಮಾಡುತ್ತಿದ್ದಾಗ ತುತ್ತು ಅಲ್ಲೇ ನಿಂತಿತು. ಇದೂ ಹೂ ಕೇಳುವುದೇ ಅಲ್ಲವೇ? ಮತ್ತೆ ಯಾವುದೋ ಒಂದು ಬೀಳಲಿ, ನೋಡಿಕೊಂಡು ಒಳ್ಳೆಯವಳಾಗುತ್ತೇನೆ ಅಂತ ಕೈ ಮುಗಿದು ಕೂತಿದ್ದೇನೆ. ಕೈ ತೊಳೆದು ಬಂದು ಬರೆಯಲು ಕೂತೆ.

ನಾಲ್ಕನೆಯ ಹಾಳೆ ಬರೆಯುವಾಗ ಮೊಬೈಲ್ ಸದ್ದು ಮಾಡಿತು. ಆಸ್ಪತ್ರೆಯ ಹೆಸರು ಕಂಡಿತು, ರಿಪೋರ್ಟ್ ಸಿದ್ಧವಾಗಿದೆ ಅಂತ. ಎರಡು ದಿನ ಮೊದಲೇ ಬಂದುಬಿಟ್ಟಿದೆ. ಮಗುಚಿ ಇಟ್ಟಿದ್ದೇನೆ. ಕಣ್ಣು ಅಲ್ಲಿಗೇ ಹೋಗುತ್ತದೆ, ಕೈಯೂ ಒಂದು ಸಲ ಹೋಯಿತು. ನೋಡಿಲ್ಲ. ನೋಡಿಲ್ಲ ಅನ್ನುವ ಮಾತನ್ನು ನೀನು ನಂಬಬೇಕಾಗಿಲ್ಲ, ನಂಬಿಸುವ ಯೋಗ್ಯತೆ ನನಗಿಲ್ಲ. ತೆರೆಯದ ಮೆಸೇಜು ತೆರೆಯದ ಹಾಗೇ ಕಾಣುತ್ತದಲ್ಲ, ಅದನ್ನು ನೀನೇ ನೋಡು.

ಅದರಲ್ಲಿ ಆಗುವುದಿಲ್ಲ ಅಂತ ಇದ್ದರೆ ಅದನ್ನು ದೇವರ ಕೃಪೆ ಅಂತ ನಾನು ಅನ್ನುವುದಿಲ್ಲ, ಶಿಕ್ಷೆ ಅಂತಲೂ ಅನ್ನುವುದಿಲ್ಲ. ಆಗುತ್ತದೆ ಅಂತ ಇದ್ದರೆ ಕೊಡುತ್ತೇನೆ. ಹೆದರಿಕೆ ಹೋಗಿದೆ ಅಂತ ತಿಳಿಯಬೇಡ, ಈಗಲೂ ಸೊಂಟದ ಪಕ್ಕ ಅದೇ ತಣ್ಣನೆಯದು ಹರಿಯುತ್ತಿದೆ. ಕೊಟ್ಟರೆ ಹಳೆಯದು ತೀರುವುದೂ ಇಲ್ಲ. ಅಕ್ಕ ಹದಿನೈದು ವರ್ಷ ಒಂದರಲ್ಲೇ ಬದುಕಿದ್ದಾಳೆ, ಆ ವರ್ಷಗಳನ್ನು ಯಾವ ಡಾಕ್ಟರೂ ಅವಳಿಗೆ ಹೊಲಿದು ಕೊಡಲಾರ. ನೀವಿಬ್ಬರೂ ನನ್ನದು ಬೇಡ ಅಂದರೆ ಅದೂ ನ್ಯಾಯವೇ. ಸೋಮವಾರ ಮಾತ್ರ ಗುಡಿಗೆ ಹೋಗುವುದಾದರೆ ಹೂ ಕೀಳಲು ನನ್ನನ್ನು ಕಳಿಸಬೇಡಿ.

ನಾಳೆ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಭದ್ರಾವತಿಗೆ ಬರುತ್ತೇನೆ. ಈ ಕಾಗದವನ್ನೂ ಮೊಬೈಲನ್ನೂ ನಿನ್ನ ಕೈಗೆ ಕೊಡುತ್ತೇನೆ. ಮೊದಲು ಇದನ್ನು ಓದು, ಪೂರ್ತಿ ಓದು, ಬೇಕಾದರೆ ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳು, ನಾನು ಎದುರಿಗೇ ಕೂತಿರುತ್ತೇನೆ. ಅವಳು ನನ್ನ ಮುಖ ನೋಡಲಿ. ಆಮೇಲೆ ನೀನೇ ಆ ರಿಪೋರ್ಟ್ ತೆರೆ.